ಔಟ್‌ಬಾಕ್ಸಿನಲ್ಲಿ ಒಂದು

ಕುತಾಯಿಸಿಯಲ್ಲಿ ಪಿಯಾನೊ ಶ್ರುತಿ ಮಾಡುವ ಒತಾರನಿಗೆ
ಮೇಲ್ ಎಂದರೆ ಮೇಜಿನ ಮೇಲಿನ ಆ ದಪ್ಪ ಕಂಪ್ಯೂಟರು.
ಒಳಗೆ ಅವನದೇ ಫೋಲ್ಡರುಗಳು:
ತಂತಿ ತುಂಡು, ಇಲಿ ಹೊಕ್ಕಿದೆ, ದುಡ್ಡು ಬರಬೇಕು,
ಇನ್ನೊಂದಕ್ಕೆ ಬರೀ 'ನೋಡೋಣ'.

ತಂಗಿಯ ಮಗಳು ಲೆಲಾ ಅಂದಳು:
ಎಲ್ಲ ವೆಬ್ಬಿಗೆ ಹಾಕಿಬಿಡು ಮಾವ,
ಎಲ್ಲಿ ಕೂತರೂ ತೆರೆಯುತ್ತೆ,
ಜೋಡಿಸೋದೇ ಬೇಡ, ಹುಡುಕಿದರಾಯ್ತು.

ಹುಡುಕೋಕೆ ಹೆಸರು ನೆನಪಿರಬೇಕಲ್ಲ, ಅಂದ.
ನನಗೆ ಮರೆತದ್ದೆಲ್ಲ ಎಡವಿದಾಗಲೇ ಸಿಗೋದು.

ಜನವರಿಯಲ್ಲಿ ಯಂತ್ರ ಕೆಮ್ಮತೊಡಗಿತು.
ಒಪ್ಪಿದ.
ಹದಿನಾಲ್ಕು ಸಾವಿರ ಪತ್ರ
ಇರುವೆಸಾಲಿನಂತೆ ಮೇಲೇರುವಾಗ
ಔಟ್‌ಬಾಕ್ಸಿನ ಮೂಲೆಯಲ್ಲಿ ಆರು ವರ್ಷ ಮುದುಡಿದ್ದೊಂದು
ಸುಯ್ಯೆಂದು ಹೋಗೇಬಿಟ್ಟಿತು.

ಎಲಿಸೊಗೆ ಬರೆದದ್ದು, ನೆಟ್ ಇಲ್ಲದ ಒಂದು ರಾತ್ರಿ.
ಬೆಳಗ್ಗೆ ತಾನೇ ತಡೆದು ನಿಲ್ಲಿಸಿದ್ದ.
ಅಳಿಸಲಿಕ್ಕೆ ಮಾತ್ರ ಕೈ ಬಂದಿರಲಿಲ್ಲ.

ಲೆಲಾಗೆ ಏನೂ ಹೇಳಲಿಲ್ಲ.
ಚಹಾ ಇಡ್ತೀಯಾ, ಅಂದ.

ಈಗ ಮೇಲ್ ಜೇಬಿನಲ್ಲೇ.
ಕೊತ್ತಂಬರಿ ಕೊಳ್ಳುವಾಗ, ರಿಯೋನಿ ಸೇತುವೆಯ ನಡುವೆ,
ಯಾರದೋ ಪಿಯಾನೊದ ಹೊಟ್ಟೆ ಬಿಚ್ಚಿಟ್ಟು ಕೂತಲ್ಲೂ
ಫೋನು ತೆಗೆಯುತ್ತಾನೆ,
ಹುಡುಕುವ ಚೌಕದಲ್ಲಿ ಕರಿ ಬೆರಳಿಂದ
ಒಂದೇ ಹೆಸರು ಒತ್ತುತ್ತಾನೆ.
ಒತ್ತಿ,
ಕಿವಿಯ ಹತ್ತಿರ ಹಿಡಿಯುತ್ತಾನೆ.