ಎಡಗಡೆಯವಳು

ಸೀನಿಯರ್ ಒಬ್ಬಳಿಂದ ಮೂರೂವರೆ ಸಾವಿರಕ್ಕೆ
ಅರ್ಧ ಸೆಟ್ಟು ಮೂಳೆ ಕೊಂಡು
ಅಕ್ಕಿಚೀಲದಲ್ಲಿ ಕಟ್ಟಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು
ನಿಟುವಳ್ಳಿಯ ಬಾಡಿಗೆ ಕೋಣೆಗೆ ತಂದೆ.
ಮನೆಯೊಡತಿ ಹಾಲಮ್ಮನಿಗೆ ಹೇಳಿದ್ದು: ಪುಸ್ತಕ.
ಮಂಚದಡಿ ನೂಕಿದಾಗ
ಪುಸ್ತಕ ಕಟಕಟ ಅಂದಿತು.

ಮೂರನೇ ದಿನ ಕಾಲೇಜಿನಿಂದ ಬಂದರೆ
ಚೀಲದ ಬಾಯಿ ಬಿಚ್ಚಿತ್ತು,
ಹಾಲಮ್ಮ ಪೊರಕೆ ಹಿಡಿದೇ ನಿಂತಿದ್ದಳು.
ಕೂಗಿರಲಿಲ್ಲ. ದೇವರನ್ನೂ ಕರೆದಿರಲಿಲ್ಲ.
"ಯಾರವ್ವಾ ಇದು?" ಅಂದಳು.
ಏನಿದು ಅನ್ನಲಿಲ್ಲ.

ನಾನು ಓದಿದ್ದನ್ನು ಒಪ್ಪಿಸಿದೆ:
ಇದು ಹ್ಯೂಮರಸ್, ತೋಳಿನದು. ಇದು ಹೆಗಲ ಹಲಗೆ.
ಇದು ಬೆನ್ನಿನ ಮಣಿ. (ಅಂಗೈಯಲ್ಲಿ ತೂಗಿ ನೋಡಿದಳು:
"ಮಂಡಕ್ಕಿ ಆಗ್ಯಾಳ ನೋಡು, ಅಷ್ಟು ಹಗುರ.")
ಇದು ಸೊಂಟ. ಈ ಕಚ್ಚಿನಲ್ಲಿ ಹೆಬ್ಬೆರಳಿಟ್ಟು ಆಡಿಸಿ,
ಸಲೀಸಾಗಿ ಆಡಿದರೆ ಹೆಂಗಸು.
ಹಾಲಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು
ಹೆಬ್ಬೆರಳಿಟ್ಟಳು.
ಆಡಿತು.

ಆಮೇಲೆ ಮಂಚದಡಿ ಇಡಗೊಡಲಿಲ್ಲ.
"ಹೆಣ್ಮಗಳು. ನೆಲಕ್ಕ ಯಾಕ ಹಾಕ್ತಿ, ತಂಡಿ ಐತಿ."
ಗೋಡೆಗೂಡು ಖಾಲಿ ಮಾಡಿ
ಟ್ರಂಕಿನಿಂದ ಬಿಳೀ ಬಟ್ಟೆ ತೆಗೆದು ಹಾಸಿದಳು,
ಅಂಚಿನಲ್ಲಿ ಮಿಲ್ಲಿನ ನೀಲಿ ಮುದ್ರೆ ಇನ್ನೂ ಮಾಸಿರಲಿಲ್ಲ.
ಇಪ್ಪತ್ತೆರಡು ವರ್ಷ ಅಲ್ಲಿ ದುಡಿದಿದ್ದಳು,
ಗೇಟಿಗೆ ಬೀಗ ಬೀಳುವ ತನಕ.

ಅಂಗಾಂಶದ ಪಾಠ ನನಗೆ ಹತ್ತಲೇ ಇಲ್ಲ.
ಮೈಕ್ರೋಸ್ಕೋಪಿನಡಿ ಎಲ್ಲವೂ ಒಂದೇ ಗುಲಾಬಿ,
ಯಾವುದು ಪಚನದ್ದು, ಯಾವುದು ನಡಿಗೆಯದ್ದು, ಯಾವುದು
ಸುಮ್ಮನೆ ನಡುವೆ ತುಂಬಿಕೊಂಡದ್ದು.
ರೆಕಾರ್ಡಿನ ಚಿತ್ರಗಳ ಮೇಲೆ ಹಾಲಮ್ಮ ಕನ್ನಡಕ ಬಗ್ಗಿಸಿ
"ಬಟ್ಟೆನಲ್ಲವಾ ಇದು?" ಅಂದಳು.
"ಇದು ಪಟ್ಟೆ."
ತೋಳು ತೊಡೆಯ ಸ್ನಾಯು, ಹೇಳಿದರೆ ಕೇಳುವಂಥದ್ದು.
"ಇದು ಸಾದಾ."
ಕರುಳಿನದು, ಯಾರೂ ಹೇಳದೆ ರಾತ್ರಿ ಪಾಳಿ ದುಡಿಯುವಂಥದ್ದು.
ಹೃದಯದ ಹಾಳೆಯಲ್ಲಿ ಬೆರಳು ತಡೆಯಿತು.
"ಇದ್ರಾಗ ಎಳಿ ಕವಲು ಒಡದು ಪಕ್ಕದ ಎಳಿಗೆ ಸೇರ್ಯಾವು.
ಇಂಥಾ ಬಟ್ಟೆ ಬಂದ್ರ
ಮೇಸ್ತ್ರಿ ನಮ್ಮ ಅರ್ಧ ದಿನದ ಕೂಲಿ ಹಿಡೀತಿದ್ದ."

ಬಲಗೈ ಅವಳಿಗೆ ಕಿವಿಯ ತನಕ ಮಾತ್ರ ಏಳುತ್ತಿತ್ತು.
ಹೆಗಲು ಮುಟ್ಟಿ ನೋಡಿದೆ, ನನ್ನ ಮೊದಲ ರೋಗಿ.
ಮಾಂಸ ಇಳಿದು ಎಲುಬಿನ ಅಂಚು ಕೈಗೆ ಸಿಕ್ಕಿತು.
ಡೆಲ್ಟಾಯ್ಡ್ ಅಂದೆ, ಬಹಳ ತಿಳಿದವಳ ಹಾಗೆ.
"ಹೆಸರೈತಾ ಅದಕ್ಕ?" ಅಂದಳು.
"ಇಷ್ಟು ವರ್ಷ ನಾನು ನೋವು ಅಂತಿದ್ದೆ."

ಪರೀಕ್ಷೆಯ ಟ್ರೇನಲ್ಲಿ ಎಡ ಬಲ ಬೆರೆತಿರುತ್ತವೆ,
ಎತ್ತಿಕೊಟ್ಟು ಕೇಳುತ್ತಾರೆ: ಯಾವ ಕಡೆ?
ಹಿಂದಿನ ರಾತ್ರಿ ಕರೆಂಟಿಲ್ಲ, ನನಗೆ ಅಳು.
ಕತ್ತಲಲ್ಲೇ ಹೇಳಿದಳು:
"ಕೈಯಾಗ ಹಿಡಕೊಂಡ್ರ ಹೆಂಗ ತಿಳೀತೈತಿ?
ರವಿಕಿ ತೋಳು ನೋಡ್ತೀವಲ್ಲ, ಹಂಗ ಮೈಗೆ ಹಚ್ಚಿ ನೋಡು."
ಹಚ್ಚಿ ನೋಡಿದೆ.
ಅವಳ ತೋಳು ನನ್ನ ತೋಳಿನ ಮೇಲೆ ತಣ್ಣಗೆ ಕೂತಿತು,
ಉಂಡೆ ಒಳಮುಖ, ಗೀರು ಮುಂದೆ. ಎಡ.
ಹೆಗಲ ಹಲಗೆ ಎಡ. ಸೊಂಟ ಎಡ. ಪಕ್ಕೆಲುಬು
ಹನ್ನೆರಡೂ ಎಡ.
ಅರ್ಧ ಸೆಟ್ಟು ಅಂದರೆ ಹಾಗೇ, ಅಂದೆ.
ಹಾಲಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ಮತ್ತ ಬಲಗಡೆ ಯಾರ ಮನ್ಯಾಗದಾಳ?"

ಪಾಸಾದೆ. ಮುಂದಿನ ವರ್ಷ ಜೂನಿಯರ್ ಬಂದಳು,
ನಾಲ್ಕು ಸಾವಿರ ಎಣಿಸಿ ಕೊಟ್ಟಳು.
ಬಿಳೀ ಬಟ್ಟೆ ಸಮೇತ ಕಟ್ಟಿಕೊಟ್ಟ ಹಾಲಮ್ಮ
ಆಟೋ ತನಕ ಹೋಗಿ, ಬಗ್ಗಿ ಹೇಳಿದಳು:
"ನಿಮ್ಮ ಹುಡುಗ್ಯಾರಾಗ ಯಾರ್ಹತ್ರನಾರ
ಬಲಗಡಿ ಇದ್ರ ಒಂದೀಟು ಕೇಳವ್ವ. ಒಂದ ದಿನ
ಜೋಡಿಸಿ ಇಡಾಕ."
ಜೂನಿಯರ್ ನಕ್ಕಳು.
ನಾನು ನಗಲಿಲ್ಲ ಎಂದು ಬರೆಯಬೇಕೆನಿಸುತ್ತದೆ.
ನಕ್ಕಿದ್ದೆ.