ಹುಡಿಯ ಲೆಕ್ಕ

ಸಾಗರದ ಸೊರಬ ರಸ್ತೆಯಲ್ಲಿ
ನಮ್ಮ ಗುಡಿಗಾರರ ಸಂಘದ ಬೀಗ ತೆಗೆಯುವವಳು ನಾನು.
ಮೊದಲು ಕಸ ಗುಡಿಸುತ್ತೇನೆ, ಆಮೇಲೆ ಇಮೇಲು ತೆರೆಯುತ್ತೇನೆ.
ಈಗೀಗ ಎರಡೂ ಒಂದೇ ಕೆಲಸ.

ರಾತ್ರಿ ಬೆಳಗಾಗುವುದರೊಳಗೆ ಇನ್ನೂರ ಹದಿನೇಳು.
ಯಾವುದೋ ದೇಶದ ವಿಧವೆ ನನಗೆ ನಲವತ್ತು ಕೋಟಿ ಬಿಟ್ಟು
ಮೂರನೇ ಸಲ ಸತ್ತಿದ್ದಾಳೆ.
ಬೊಕ್ಕತಲೆಗೆ ತೈಲ, ಬ್ಯಾಂಕಿನ ಹೆಸರಲ್ಲಿ ಬೆದರಿಕೆ,
ಎಲ್ಲದರ ನೆತ್ತಿಗೂ ಪ್ರಿಯರೇ, ಪ್ರಿಯರೇ.
ಇಷ್ಟು ಸಲ ನನ್ನನ್ನು ಪ್ರಿಯ ಅಂದವರು ಹುಟ್ಟಿಲ್ಲ.

ಅಳಿಸಿದರೆ ಮತ್ತೆ ಬರ್ತಾವೆ ಮೇಡಂ, ದೂರು ಕೊಡಿ
ಅಂದ ಶಿವಮೊಗ್ಗದ ಕಂಪ್ಯೂಟರ್ ಹುಡುಗ ನವಾಜ್.

ಕೊಟ್ಟೆ.
ಹೋದ ದಾರಿಯಲ್ಲೇ ವಾಪಸು ಬಂತು:
ನಿಮ್ಮ ಪತ್ರದಲ್ಲಿ ಕಸವಿದೆ, ಸ್ವೀಕರಿಸಲಾಗದು.
ಅಯ್ಯೋ ಮಾರಾಯ, ಅದನ್ನು ಹೇಳಲಿಕ್ಕೇ ಅಲ್ಲವೇ ಬರೆದದ್ದು!
ಹಾವು ಹಿಡಿದು ತಂದವನನ್ನು
ಕೈಯಲ್ಲಿ ಹಾವಿದೆ ಅಂತ ಬಾಗಿಲಲ್ಲೇ ನಿಲ್ಲಿಸಿದ ಹಾಗೆ.
ಎರಡನೆಯದಕ್ಕೆ ಹೆಡರ್ ಇಲ್ಲ ಅಂದರು.
ಮೂರನೆಯದಕ್ಕೆ ಹೆಡರ್ ಮಾತ್ರ ಇದೆ, ಮೈಯಿಲ್ಲ ಅಂದರು.
ನಾಲ್ಕನೆಯದು ಹೊರಡುವಾಗ ಕರೆಂಟು ಹೋಯಿತು.

ಹೆಡರ್ ಅಂದರೆ ಎಂತದೇ ಅದು?
ಉಳಿ ಕೆಳಗಿಟ್ಟು ಕೇಳಿದರು ಚೌಡಪ್ಪಣ್ಣ.
ಕಾಗದ ನಡೆದು ಬಂದ ದಾರಿ ಅಣ್ಣಾ, ಊರೂರಿನ ಮೊಹರು.
ಕಡೆಗೆ ಬಿದ್ದದ್ದು ಎಲ್ಲಕ್ಕಿಂತ ಮೇಲಿರುತ್ತದೆ, ಅದು ನಂಬಿಗಸ್ಥ.
ಕೆಳಗಿನವು ಕಳ್ಳನೇ ಒತ್ತಿಕೊಂಡದ್ದೂ ಇರಬಹುದು.
ಅವರು ತುಂಡೊಂದನ್ನೆತ್ತಿ ಮೂಸಿದರು:
ಬಿಳಿಮರಕ್ಕೆ ಎಣ್ಣೆ ಸವರಿ ಗಂಧ ಅಂತ ಮಾರ್ತಾರಲ್ಲ,
ಅದರ ಪರಿಮಳ ಅಸಲಿಗಿಂತ ಜೋರು.
ಒಂದೆಳೆ ಕೆತ್ತು,
ಎರಡನೇ ಎಳೆಗೆ ಮರ ಮಾತು ಬದಲಿಸ್ತದೆ.

ಕೆತ್ತುವಷ್ಟು ತಾಳ್ಮೆ ನನಗೆಲ್ಲಿ?
ಮಧ್ಯಾಹ್ನ ಇನ್ನೂರ ಹದಿನೇಳಕ್ಕೂ ಒಂದೇ ಟಿಕ್ಕು ಹಾಕಿ
ಕಳಿಸಿದೆ. ದೂರು ಸ್ವೀಕೃತ.
ಅವತ್ತಿನ ಮೊಸರನ್ನದ ರುಚಿಯೇ ಬೇರೆ.

ಗುರುವಾರದಿಂದ ನಮ್ಮ ಕಾಗದ ಯಾರಿಗೂ ಮುಟ್ಟುತ್ತಿಲ್ಲ.
ಜೈಪುರದವರಿಗೆ ದರಪಟ್ಟಿ ಹೋಗಿಲ್ಲ,
ಆನೆಸಾಲಿನ ಪೆಟ್ಟಿಗೆಗೆ ಮುಂಗಡ ಬಂದಿಲ್ಲ.
ನವಾಜ್ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಮೆಲ್ಲಗೆ:
ಹಳೇ ವಿಳಾಸಕ್ಕೆ ಬಂದದ್ದನ್ನೆಲ್ಲ
ನಿಮ್ಮ ಸಂಘದ ಸರ್ವರೇ ಹೊಸದಕ್ಕೆ ದಾಟಿಸ್ತಿತ್ತು ಮೇಡಂ.
ಮೇಲಿನ ಮೊಹರು ನಿಮ್ಮದೇ.
ಕಳಿಸಿದವರೂ ನೀವೇ ಅಂದ್ಕೊಂಡ್ರು.

ನಮೂನೆಯ ಪ್ರತಿ ತೆರೆದೆ.
ದೂರುದಾರರು: ಗುಡಿಗಾರರ ಸಂಘ, ಸಾಗರ.
ಆಪಾದಿತರು: ಗುಡಿಗಾರರ ಸಂಘ, ಸಾಗರ.
ಕೆಳಗೊಂದು ಚೌಕ, ಪರಿಶೀಲಿಸಿದ್ದೇನೆ ಅಂತ.
ಅದರೊಳಗೆ ನನ್ನದೇ ಟಿಕ್ಕು,
ರೆಕ್ಕೆ ಬಿಚ್ಚಿದ ಪುಟ್ಟ ಹಕ್ಕಿಯ ಹಾಗೆ, ನಿರಾಳ.

ಬಿಡಿಸಿಕೊಳ್ಳಲು ಹನ್ನೊಂದು ದಿನ.
ನಾನು ಮನುಷ್ಯಳು ಅಂತ ಯಂತ್ರಕ್ಕೆ ರುಜುವಾತು:
ಸೈಕಲ್ಲಿರುವ ಚಿತ್ರ ಆರಿಸು, ಮೆಟ್ಟಿಲಿರುವ ಚಿತ್ರ ಆರಿಸು.
ಮೂರು ಸಲ ಫೇಲಾದೆ.
ಚೌಡಪ್ಪಣ್ಣ ನನ್ನ ಹಿಂದೆ ನಿಂತು
ಆ ಮೂಲೇಲಿ ಅರ್ಧ ಚಕ್ರ ಇದೆ ನೋಡು ಅಂದದ್ದಕ್ಕೆ ಪಾಸು.

ಈಗ ಒಂದೊಂದನ್ನೇ ತೆರೆದು ನೋಡುತ್ತೇನೆ.
ಹೊತ್ತು ಹಿಡಿಯುತ್ತದೆ, ಕಾರ್ಯದರ್ಶಿಗಳು ಗೊಣಗುತ್ತಾರೆ.
ಮೊನ್ನೆ ಕಸದ ನಡುವೆ ಸಿಕ್ಕವರು ಪುತ್ತೂರಿನ ಲೀನಾ ಸಿಕ್ವೇರಾ.
ವಿಷಯದ ಸಾಲು ಖಾಲಿ. ಪ್ರಿಯರೇ ಅಂತಲೂ ಇಲ್ಲ.
ಅರವತ್ತೆಂಟರಲ್ಲಿ ನಿಮ್ಮಲ್ಲಿ ಕೊಂಡ ಪೆಟ್ಟಿಗೆ,
ಮುಚ್ಚಳದ ನವಿಲಿಗೆ ಕೊಕ್ಕು ಹೋಗಿದೆ, ಮಾಡಿಕೊಡುತ್ತೀರಾ.
ಬಂದು ಇಪ್ಪತ್ತೆಂಟು ದಿನವಾಗಿತ್ತು.
ಮೂವತ್ತಕ್ಕೆ ಅಲ್ಲಿನ ಕಸ ತಾನೇ ಮಾಯವಾಗುತ್ತದೆ,
ತೂಗುವವರಿಲ್ಲ.

ಇಲ್ಲಿ ಸಂಜೆ ಐದಕ್ಕೆ
ಚೌಡಪ್ಪಣ್ಣ ಚಾಪೆ ಕೊಡವಿ, ಪಂಚೆಯ ಮಡಿಕೆ ಕೊಡವಿ,
ಗಂಧದ ಹುಡಿಯನ್ನು ತಕ್ಕಡಿಗೆ ಸುರಿಯುತ್ತಾರೆ.
ಪುಸ್ತಕದಲ್ಲಿ ಬರೆಯುತ್ತೇನೆ: ಹುಡಿ, ಮೂವತ್ತೊಂದು ಗ್ರಾಂ.
ಒಂದು ಕೊಕ್ಕಿಗೆ ಎಷ್ಟು ಮರ ಬೇಕು ಅಣ್ಣಾ?
ಅಕ್ಕಿಕಾಳಷ್ಟು, ಅಂದರು.
ಆಮೇಲೆ, ಅರ್ಧ ಕಾಳು ಹುಡಿಗೆ ಹೋಗ್ತದೆ,
ಅದನ್ನೂ ಬರ್ಕೋ.