ಹಾಲಿನ ಕ್ಯಾನಿನಲ್ಲಿ ಖಾರ

ಕರಡಿ ಕಾಯುವ ನನಗೆ ಇಲಾಖೆ ಕೊಟ್ಟದ್ದು
ಒಂದು ಟಾರ್ಚು, ಒಂದು ಲಾಠಿ,
ಗೇಣುದ್ದದ ಒಂದು ಡಬ್ಬಿ:
ಒಳಗೆ ಉಸಿರು ಬಿಗಿಹಿಡಿದ ಮೆಣಸಿನಕಾಯಿ.

ಬಳ್ಳಾರಿಯಿಂದ ದರೋಜಿಗೆ ಬಸ್ಸು.
ಹಳೇ ಲುಂಗಿ ಸುತ್ತಿ, ಹಾಲಿನ ಕ್ಯಾನಿನಲ್ಲಿ ನೆಟ್ಟಗೆ ನಿಲ್ಲಿಸಿ,
ಮುಚ್ಚಳ ಬಿಗಿದು, ಮಂಡಿಗಳ ನಡುವೆ ಹಿಡಿದು ಕೂತೆ.
"ಏನೋ ಅದು, ಹೊನ್ನೂರಸಾಬ?"
"ಕರಡಿಗೆ ಸಾರು."
ಕಂಡಕ್ಟರ್ ಗಾದಿಲಿಂಗ ನಕ್ಕ.
ಆಮೇಲೆ ಇಂಜಿನ್ನಿನ ಕಾವಿನಿಂದ ಎಬ್ಬಿಸಿ
ಹಿಂದಿನ ಕಿಟಕಿಗೆ ಕಳಿಸಿದ.

ಮೇ ತಿಂಗಳು. ಬೈಕಿನ ಪೆಟ್ಟಿಗೆಯಲ್ಲಿ ಬಿಟ್ಟರೆ
ಡಬ್ಬಿಗೂ ಸಿಟ್ಟು ಬರುತ್ತದಂತೆ.
ತಗಡಿನ ಮನೆಯಲ್ಲಿ ತಂಪು ಒಂದೇ ಕಡೆ,
ನೀರಿನ ಹರವಿಯ ಪಕ್ಕದ ಗೂಡು.
ಉಪ್ಪಿನಕಾಯಿ ಜಾಡಿ ಕೆಳಗಿಳಿಯಿತು.
ಮಗಳಿಗೆ ಎಟುಕೀತೆಂದು
ಗೂಡಿಗೆ ಹಲಗೆ ಬಡಿದು ಬೀಗ ಹಾಕಿದೆ,
ಕೀಲಿ ಉಡಿದಾರಕ್ಕೆ.
"ನನ್ನ ಬಂಗಾರಕ್ಕಿಲ್ಲದ ಬೀಗ ಖಾರಕ್ಕೆ ಬಂತು"
ಎಂದಳು ಮಾಬುನ್ನಿ, ಮೂರು ದಿನ ಮಾತು ಬಿಟ್ಟಳು.

ನಿನ್ನೆ ಸಂಜೆ ಬಂಡೆಯ ತಿರುವಿನಲ್ಲಿ
ಹತ್ತು ಮಾರು ದೂರಕ್ಕೆ ಅದು,
ಬೆನ್ನ ಮೇಲೆ ಎರಡು ಮರಿ.
ಸೊಂಟದಿಂದ ತೆಗೆದೆ. ಕ್ಲಿಪ್ಪು ಎಳೆದೆ.
ಗಾಳಿಯೋ, ನನ್ನ ಮುಖಕ್ಕೇ ಬೀಸುತ್ತಿತ್ತು;
ಒತ್ತಿದ್ದರೆ ಸಾರು ನನಗೇ.
ಒಂದು ಗಳಿಗೆ ನಿಂತಿತು. ನನಗಿಂತ
ಗೆದ್ದಲೇ ರುಚಿ ಅನಿಸಿತೇನೋ,
ಹೊರಳಿ ಮುಳ್ಳುಪೊದೆಗೆ ಇಳಿಯಿತು.
ಕ್ಲಿಪ್ಪು ಮತ್ತೆ ತೂತಿಗೆ ಕೂರಿಸಲು
ಕತ್ತಲಾಗುವವರೆಗೆ ಹೆಣಗಿದೆ.

ಮನೆಗೆ ಬಂದೆ. ಏನಾಯಿತೆಂದು ಹೇಳಲಿಲ್ಲ.
ಡಬ್ಬಿ ಒರೆಸಿ ಗೂಡಿಗಿಟ್ಟೆ.
ಮಾಬುನ್ನಿ ನನ್ನ ಕೈ ನೋಡಿದಳು,
ಕೀಲಿ ಇಸಕೊಂಡು
ಬೀಗ ತಾನೇ ಹಾಕಿದಳು.